ಮಾದರಿ ಸಂಸ್ಥಾನದ ನಿಷೇಧಾಜ್ಞೆ

ಒಂದು ಮಾತನ್ನು ಕೇಳಿ ಕೇಳಿ ನನ್ನ ಕಿವಿ ದಡ್ಡುಗಟ್ಟಿದೆ. ಸ್ವಾತಂತ್ರ್ಯ ದಿನದ ಭಾಷಣಗಳಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಕಬ್ಬನ್ ಪಾರ್ಕಿನ ಕಲ್ಲುಬೆಂಚಿನ ಮೇಲೆ, ಎಲ್ಲಿ ನಾಲ್ಕು ಜನ ಹಳೆಯ ಮೈಸೂರಿಗರು ಕೂಡಿದರೂ ಅದು ಬಂದೇ ಬರುತ್ತದೆ: "ನಮ್ಮ ಸೀಮೆಗೆ ಬ್ರಿಟಿಷರ ಕಾಟವೇ ಇರಲಿಲ್ಲ, ಸ್ವಾಮಿ. ನಮ್ಮನ್ನು ಆಳಿದವರು ಮಹಾರಾಜರು. ಆ ಕರಾಳ ಶಾಸನಗಳೆಲ್ಲ ಪಂಜಾಬು, ಬಂಗಾಳಗಳ ಪಾಡು." ಹೇಳುವವರ ಮುಖದಲ್ಲಿ ಊಟವಾದ ಮೇಲಿನ ತೃಪ್ತಿಯಿರುತ್ತದೆ. ಕೇಳುವವರು ತಲೆದೂಗುತ್ತಾರೆ. ನಾನು ತಲೆದೂಗಲಾರೆ. ಏಕೆಂಬುದನ್ನು ಹೇಳಬೇಕಾಗಿದೆ.

ಮೊದಲು ಒಪ್ಪತಕ್ಕದ್ದನ್ನು ಒಪ್ಪಿಬಿಡುತ್ತೇನೆ. ನಾಲ್ವಡಿ ಕೃಷ್ಣರಾಜ ಒಡೆಯರಂಥ ದೊರೆ ಎಲ್ಲ ಸಂಸ್ಥಾನಗಳಿಗೂ ಸಿಕ್ಕಲಿಲ್ಲ. ಶಿವನಸಮುದ್ರದ ವಿದ್ಯುತ್ತು 1905ರಲ್ಲೇ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಕನ್ನಂಬಾಡಿಯ ನೀರು ಮಂಡ್ಯದ ಒಣನೆಲವನ್ನು ಗದ್ದೆಮಾಡಿತು. 1881ರಷ್ಟು ಹಿಂದೆಯೇ ಪ್ರಜಾಪ್ರತಿನಿಧಿ ಸಭೆ ಸೇರಿತು. ಇದಾವುದೂ ಸುಳ್ಳಲ್ಲ. ಆದರೆ ದೀಪ ಯಾರದು, ನೀರು ಯಾರದು ಎಂಬ ಪ್ರಶ್ನೆ ಬೇರೆ; ದಂಡ ಯಾರದು ಎಂಬ ಪ್ರಶ್ನೆ ಬೇರೆ. ನಮ್ಮ ಹಿರಿಯರು ಮೊದಲನೆಯದಕ್ಕೆ ಉತ್ತರ ಹೇಳಿ ಎರಡನೆಯದಕ್ಕೂ ಹೇಳಿದೆವೆಂದುಕೊಳ್ಳುತ್ತಾರೆ.

1831ರಲ್ಲಿ ಇಂಗ್ಲಿಷರು ಮುಮ್ಮಡಿಯವರ ಕೈಯಿಂದ ಆಡಳಿತವನ್ನು ಕಿತ್ತುಕೊಂಡರು. ಅದು ಮರಳಿದುದು 1881ರಲ್ಲಿ. ನಡುವಣ ಐವತ್ತು ವರ್ಷ ಕಮಿಷನರುಗಳ ಕಾಲ. ಬ್ರಿಟಿಷ್ ಇಂಡಿಯಾದ ಕೋಡುಗಳೂ ಕಚೇರಿಗಳೂ ಕಾಗದಪತ್ರಗಳ ಪದ್ಧತಿಯೂ ನಮ್ಮಲ್ಲಿ ಬೇರೂರಿದುದು ಆಗ. ರಾಜ್ಯವನ್ನು ಹಿಂದಕ್ಕೆ ಕೊಡುವಾಗಲಾದರೂ ಆ ಕಾನೂನುಗಳನ್ನು ಹೊತ್ತುಕೊಂಡು ಹೋದರೆ? ಇಲ್ಲ. ಆಗ ಜಾರಿಯಲ್ಲಿದ್ದ ಕಾನೂನುಗಳನ್ನೆಲ್ಲ ಮಹಾರಾಜರು ಪಾಲಿಸತಕ್ಕದ್ದು, ಗವರ್ನರ್ ಜನರಲ್ಲರ ಪೂರ್ವಸಮ್ಮತಿಯಿಲ್ಲದೆ ಅವನ್ನು ರದ್ದುಮಾಡಕೂಡದು, ತಿದ್ದಲೂಕೂಡದು ಎಂಬ ಷರತ್ತು ಹಸ್ತಾಂತರದ ಪತ್ರದಲ್ಲೇ ಇತ್ತು. ಸಿಂಹಾಸನ ನಮಗೆ, ಶಾಸನ ಅವರಿಗೆ. 1913ರ ಒಪ್ಪಂದದಲ್ಲಿ ಹಗ್ಗ ಸ್ವಲ್ಪ ಸಡಿಲವಾಯಿತೇ ಹೊರತು ಗೂಟ ಕೀಳಲಿಲ್ಲ. ರೆಸಿಡೆಂಟ್ ಸಾಹೇಬರು ಬೆಂಗಳೂರಿನಲ್ಲೇ ಇದ್ದರು.

ಸಂಸ್ಥಾನದ ತೆರೆಯ ಹಿಂದಿನಿಂದ ಕೋಲು ಬೀಸುವ ಈ ವಿದ್ಯೆ ಮೈಸೂರಿನಲ್ಲಿ ಹುಟ್ಟಿದುದಲ್ಲ. ಉತ್ತರ ಕರ್ನಾಟಕದ ಹಲಗಲಿ ಮುಧೋಳದ ಘೋರ್ಪಡೆಯವರ ಸಂಸ್ಥಾನಕ್ಕೆ ಸೇರಿದ ಹಳ್ಳಿ. 1857ರಲ್ಲಿ ಇಂಗ್ಲಿಷರು ಜನರ ಕೈಯ ಆಯುಧಗಳನ್ನು ಕಸಿಯುವ ಕಾನೂನು ತಂದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ಬೇಟೆಯಾಡಿ ಬದುಕುವವನಿಗೆ ಕತ್ತಿ ಕೋವಿಯೆಂದರೆ ರೈತನಿಗೆ ನೇಗಿಲಿದ್ದಂತೆ. ಕಂಪನಿಯ ದಂಡು ಬಂದಿತು, ಊರು ಸುಟ್ಟಿತು, ಸೆರೆಸಿಕ್ಕವರಲ್ಲಿ ಹಲವರು ನೇಣುಗಂಬವೇರಿದರು. ಊರನ್ನು ಸುಟ್ಟರೂ ಲಾವಣಿಯನ್ನು ಸುಡಲಾಗಲಿಲ್ಲ. ಅದನ್ನು ಮುಂದೆ ಸಂಗ್ರಹಿಸಿ ಅಚ್ಚುಹಾಕಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಎಂಬುದು ಚರಿತ್ರೆಯ ಒಂದು ತಮಾಷೆ.

ನಮ್ಮ ಮೈಸೂರಿಗೆ ಮರಳೋಣ. 1908. ಆ ವರ್ಷ ಬ್ರಿಟಿಷ್ ಇಂಡಿಯಾದಲ್ಲಿ ಪತ್ರಿಕೆಗಳ ಬಾಯಿ ಹೊಲಿಯಲು ಹೊಸ ಕಾಯಿದೆಯೊಂದು ಬಂದಿತು. ಜುಲೈ ತಿಂಗಳಲ್ಲಿ ಲೋಕಮಾನ್ಯ ತಿಲಕರಿಗೆ ರಾಜದ್ರೋಹದ ಹೆಸರಿನಲ್ಲಿ ಆರು ವರ್ಷ ಶಿಕ್ಷೆಯಾಯಿತು. ಅದೇ ವರ್ಷ ನಮ್ಮಲ್ಲಿ ದಿವಾನ್ ವಿ. ಪಿ. ಮಾಧವರಾಯರು ವೃತ್ತಪತ್ರಿಕೆಗಳ ರೆಗ್ಯುಲೇಷನ್ ಒಂದನ್ನು ತಂದರು. ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ಹೊರಡಿಸುವಂತಿಲ್ಲ. ಕೊಟ್ಟ ಅಪ್ಪಣೆಯನ್ನು ಹಿಂದಕ್ಕೆ ಪಡೆಯುವ ಅಧಿಕಾರ ಸರ್ಕಾರಕ್ಕುಂಟು. ಇದನ್ನು ಕಾಕತಾಳೀಯವೆನ್ನುವವರ ಮುಗ್ಧತೆಗೆ ಕೈಮುಗಿಯುತ್ತೇನೆ. ತಾತಯ್ಯನವರೆಂದು ನಾಡು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು. ಅರಮನೆಯ ಮೇಲೆ ದ್ವೇಷವಿಟ್ಟವರಲ್ಲ ಅವರು, ಸೌಮ್ಯರು, ಮೇಷ್ಟರು. ಅಂಥವರನ್ನೂ ಪ್ರತಿಭಟನೆಗೆ ಇಳಿಸುವ ಶಕ್ತಿ ಯಾವ ಕ್ರಾಂತಿಕಾರಿಯ ಭಾಷಣಕ್ಕೂ ಇರಲಿಲ್ಲ. ಒಂದು ರೆಗ್ಯುಲೇಷನ್ನಿಗೆ ಇತ್ತು.

ಈಗ ದೊಡ್ಡಬಳ್ಳಾಪುರಕ್ಕೆ ಬರುತ್ತೇನೆ. ನಮ್ಮ ಬೆಂಗಳೂರಿಗರಿಗೆ ಈ ಊರೆಂದರೆ ಮಗ್ಗ, ಸೀರೆ ಮತ್ತು ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿ. ಟಿ. ಸಿದ್ಧಲಿಂಗಯ್ಯನವರು ಈ ಊರಿನ ವಕೀಲರು. ಕಾಯಿದೆ ಓದಿದವರು, ಕಾಯಿದೆಯಿಂದಲೇ ಅನ್ನ ಸಂಪಾದಿಸುತ್ತಿದ್ದವರು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿದಾಗ ಅದರ ಅಧ್ಯಕ್ಷರು ಇವರು. ಸಂಸ್ಥಾನದಲ್ಲಿ ಗಂಡಭೇರುಂಡದ ಧ್ವಜವಿರುವಾಗ ಕಾಂಗ್ರೆಸ್ಸಿನ ಬಾವುಟ ಏರಕೂಡದೆಂಬುದು ಸರ್ಕಾರದ ಹಟ. ಮ್ಯಾಜಿಸ್ಟ್ರೇಟರ ನಿಷೇಧಾಜ್ಞೆ ಕೈಗೆ ಬಂದಿತು. ಸಿದ್ಧಲಿಂಗಯ್ಯನವರು ಅದನ್ನು ಓದಿದರು. ಓದಿ, ಬಾವುಟ ಹಾರಿಸಿ, ಬಂಧನಕ್ಕೊಳಗಾದರು. ಒಂದು ಹಳ್ಳಿಯ ಬಯಲಿನಲ್ಲಿ ಬಟ್ಟೆಯ ತುಂಡೊಂದು ಹಾರಿದ್ದರೆ ಎರಡು ದಿನದಲ್ಲಿ ಜನ ಮರೆಯುತ್ತಿದ್ದರೇನೋ! ಕೂಡದೆಂದುದರಿಂದ ಅದು ನಾಡಿನ ಮಾನವಾಯಿತು.

ಆಮೇಲೆ ವಿದುರಾಶ್ವತ್ಥ. ದೊಡ್ಡಬಳ್ಳಾಪುರದಲ್ಲಿ ಹಿಂದೂಪುರದ ರೈಲು ಹತ್ತಿದರೆ ಗೌರಿಬಿದನೂರು ದಾಟಿದ ಮೇಲೆ ಸಿಕ್ಕುತ್ತದೆ. ವಿದುರ ನೆಟ್ಟನೆಂದು ಜನ ನಂಬಿದ್ದ ಅಶ್ವತ್ಥ ಮರ, ನಾಗರಕಲ್ಲುಗಳ ಸಾಲು, ಪಕ್ಕದಲ್ಲಿ ಉತ್ತರ ಪಿನಾಕಿನಿ. ಆಗ ಅದು ಕೋಲಾರ ಜಿಲ್ಲೆ. ಅಲ್ಲಿಯೂ ನಿಷೇಧಾಜ್ಞೆ, ಸಭೆ ಕೂಡದು, ಬಾವುಟ ಕೂಡದು. 1938ರ ಏಪ್ರಿಲ್ 25ರಂದು ಸುತ್ತಣ ಹಳ್ಳಿಗಳ ಜನ ಸಾವಿರಗಟ್ಟಲೆ ಸೇರಿದರು. ಪೋಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿ ಎಂದಿತು ಸರ್ಕಾರ. ಮೂವತ್ತಕ್ಕೂ ಮೇಲೆ ಎಂದರು ಜನ. ಹೆಣಗಳ ಲೆಕ್ಕದಲ್ಲಿ ಸರ್ಕಾರಕ್ಕೂ ಪ್ರಜೆಗಳಿಗೂ ಇಷ್ಟು ಅಂತರ ಬಿದ್ದ ಸೀಮೆಯನ್ನು ನಾವು 'ಮಾದರಿ' ಎನ್ನುತ್ತ ಬಂದಿದ್ದೇವೆ.

ಹತ್ತೊಂಬತ್ತು ವರ್ಷಗಳ ಹಿಂದೆ, ಅದೇ ಏಪ್ರಿಲ್ ತಿಂಗಳಲ್ಲಿ, ಅಮೃತಸರದಲ್ಲಿ ನಡೆದುದೂ ಹೀಗೆಯೇ. ರೌಲಟ್ ಕಾಯಿದೆ ಬಂದಿತು, ಜನ ಕೆರಳಿದರು, ಸಭೆ ಕೂಡದೆಂಬ ಆಜ್ಞೆಯಾಯಿತು, ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿತು. ಡಯರನ ಹೆಸರು ನಮ್ಮ ಮಕ್ಕಳಿಗೆ ಬಾಯಿಪಾಠ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೂಟಕ್ಕೆ ಹಿಂದಿರುಗಬಹುದಾದ ವಿದುರಾಶ್ವತ್ಥವನ್ನು ಕಂಡವರೆಷ್ಟು ಮಂದಿ? ಅಲ್ಲೊಂದು ಸ್ಮಾರಕವಿದೆ, ವೀರಸೌಧವಿದೆ.

ನನ್ನೊಡನೆ ವಾದಿಸುವ ಮಹನೀಯರು ಇಲ್ಲಿ ತಮ್ಮ ಬ್ರಹ್ಮಾಸ್ತ್ರ ತೆಗೆಯುತ್ತಾರೆ. "ಹೊಡೆದವರು ನಮ್ಮ ಪೋಲೀಸರೇ ಅಲ್ಲವೇ? ದಿವಾನ್ ಮಿರ್ಜಾ ಇಸ್ಮಾಯಿಲ್ಲರೇ ಅಲ್ಲವೇ? ಬ್ರಿಟಿಷರು ಎಲ್ಲಿ ಬಂದರು?" ನಾನು ಹೇಳುವುದೂ ಇದನ್ನೇ! ಬರಬೇಕಾದ ಅಗತ್ಯವೇ ಅವರಿಗಿರಲಿಲ್ಲ. ನಾಲ್ಕು ಜನ ಸೇರುವುದನ್ನು ಅಪರಾಧವೆಂದು ಬಗೆಯುವ ಸೂತ್ರವನ್ನು ಬರೆದುಕೊಟ್ಟರೆ ಸಾಕು. ಅದನ್ನು ಆಡಿಸುವುದಕ್ಕೆ ಬಿಳಿಯ ಕೈಯೇ ಆಗಬೇಕೆಂದೇನೂ ಇಲ್ಲ. ಮಿರ್ಜಾ ಸಾಹೇಬರು ಕ್ರೂರಿಗಳೆಂದು ನಾನು ಹೇಳುವುದಿಲ್ಲ. ಊರಿಗೆ ಉದ್ಯಾನಗಳ ಚೆಲುವು ಕೊಟ್ಟವರು ಅವರು. ಒಳ್ಳೆಯವರ ಕೈಯಲ್ಲೂ ಈ ಸೂತ್ರ ಹೀಗೇ ಕೆಲಸ ಮಾಡಿತೆಂಬುದೇ ಅದರ ಮೇಲಿನ ದೊಡ್ಡ ಆಪಾದನೆ.

ಅದರ ಫಲವನ್ನೂ ನೋಡಿ. ಅಲ್ಲಿಯವರೆಗೆ ಮೈಸೂರಿನ ಕಾಂಗ್ರೆಸ್ಸೆಂದರೆ ಬಹುಮಟ್ಟಿಗೆ ಪೇಟೆಯ ವಕೀಲರ ವ್ಯವಹಾರ. 1937ರಲ್ಲಿ ಪ್ರಜಾಸಂಯುಕ್ತ ಪಕ್ಷ ಅದರೊಡನೆ ಬೆರೆತಾಗ ಹಳ್ಳಿಗಳ ಬಾಗಿಲು ತೆರೆಯಿತು. ಬಾಗಿಲಲ್ಲಿ ನಿಂತಿದ್ದ ರೈತನನ್ನು ಒಳಕ್ಕೆ ಕರೆದುದು ವಿದುರಾಶ್ವತ್ಥದ ಗುಂಡು. ಗಾಂಧೀಜಿಯವರು ಸರ್ದಾರ್ ಪಟೇಲರನ್ನೂ ಕೃಪಲಾನಿಯವರನ್ನೂ ಕಳುಹಿಸಿದರು. ಮೇ ತಿಂಗಳಲ್ಲಿ ಮಿರ್ಜಾ-ಪಟೇಲ್ ಒಪ್ಪಂದವಾಯಿತು. ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ಸಿನ ಬಾವುಟವೂ ಹಾರಬಹುದೆಂದು ಸರ್ಕಾರ ಒಪ್ಪಿತು. ಮೊದಲೇ ಒಪ್ಪಿದ್ದರೆ ಅಷ್ಟು ಜೀವ ಉಳಿಯುತ್ತಿತ್ತು. 1942ರಲ್ಲಿ ಶಿಕಾರಿಪುರದ ಬಳಿಯ ಈಸೂರು ಎದ್ದಿತು. 1943ರ ಮಾರ್ಚಿಯಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಿದುದೂ ನಮ್ಮ ಮೈಸೂರು ಸರ್ಕಾರವೇ. 1947ರಲ್ಲಿ 'ಮೈಸೂರು ಚಲೋ' ನಡೆಯಿತು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದಿತು.

ಇಷ್ಟಾದ ಮೇಲೆ ಆ ಸೂತ್ರಗಳನ್ನು ಹರಿದೆಸೆದಿರಬೇಕೆಂದು ಓದುಗರು ಊಹಿಸಿದರೆ ಅದು ಸಹಜ. ಆದುದೇನು? 1898ರ ದಂಡಪ್ರಕ್ರಿಯಾ ಸಂಹಿತೆಯ 144ನೇ ಕಲಮು 1973ರ ಹೊಸ ಸಂಹಿತೆಯಲ್ಲೂ 144ನೆಯದಾಗಿಯೇ ಕುಳಿತಿತು. ಅಂಕಿ ಬದಲಿಸುವ ಶ್ರಮವನ್ನೂ ನಾವು ವಹಿಸಲಿಲ್ಲ. 2024ರ ಜುಲೈ 1ರಿಂದ ಆ ಶ್ರಮವನ್ನೂ ವಹಿಸಿದ್ದೇವೆ. ಈಗದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮು. ಇದಿರು ಪಕ್ಷದ ಮಾತು ಕೇಳದೆಯೇ ಮ್ಯಾಜಿಸ್ಟ್ರೇಟರು ಆಜ್ಞೆ ಹೊರಡಿಸಬಹುದು, ಎರಡು ತಿಂಗಳು ಅದು ನಡೆಯಬಹುದು ಎಂಬ ತಿರುಳು ಹಾಗೆಯೇ ಇದೆ. ರಾಜದ್ರೋಹದ ಕಥೆ ಇನ್ನೂ ಸ್ವಾರಸ್ಯದ್ದು. 1870ರಲ್ಲಿ ದಂಡಸಂಹಿತೆಯೊಳಕ್ಕೆ ತುರುಕಿದ 124-ಎ ಕಲಮನ್ನು ಪ್ರಶ್ನಿಸಿ ಮೈಸೂರಿನ ನಿವೃತ್ತ ಸೇನಾಧಿಕಾರಿ ಎಸ್. ಜಿ. ಒಂಬತ್ಕೆರೆಯವರು ಸುಪ್ರೀಂ ಕೋರ್ಟಿಗೆ ಹೋದರು; 2022ರ ಮೇ 11ರಂದು ಕೋರ್ಟು ಅದರ ಬಳಕೆಯನ್ನು ತಡೆಹಿಡಿಯಿತು. ಹೊಸ ನ್ಯಾಯ ಸಂಹಿತೆಯಲ್ಲಿ ರಾಜದ್ರೋಹವೆಂಬ ಹೆಸರು ಹೋಯಿತು. ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಗಳಿಗೆ ಅಪಾಯ ತರುವ ಕೃತ್ಯವೆಂಬ ಹೆಸರಿನಲ್ಲಿ 152ನೇ ಕಲಮು ಬಂದಿತು. ಹಳೆಯದರಲ್ಲಿ ಆಜೀವ ಶಿಕ್ಷೆ, ಇಲ್ಲವೇ ಮೂರು ವರ್ಷದವರೆಗೆ ಸೆರೆ. ಹೊಸದರಲ್ಲಿ ಆಜೀವ ಶಿಕ್ಷೆ, ಇಲ್ಲವೇ ಏಳು ವರ್ಷದವರೆಗೆ. ಇಂಗ್ಲಿಷರಿಗೆ ಸಾಕೆನಿಸಿದ ಮೂರು ವರ್ಷ ನಮಗೆ ಸಾಲದಾಯಿತು!

ಶಾಂತಿಪಾಲನೆಗೆ ಇಂಥದೊಂದು ಅಧಿಕಾರ ಯಾವ ಸರ್ಕಾರಕ್ಕೂ ಬೇಕಲ್ಲವೇ ಎನ್ನುವರು. ಕೋಮುಗಲಭೆಯ ರಾತ್ರಿ ಅದು ನಾಲ್ಕು ಜೀವ ಉಳಿಸಬಹುದು, ಅಲ್ಲಗಳೆಯೆ. ಆದರೆ ಅದು ಕಪಾಟಿನಿಂದ ಹೊರಬರುವುದು ಅಂಥ ರಾತ್ರಿಗಳಲ್ಲಿ ಮಾತ್ರವೇ? 2019ರ ಡಿಸೆಂಬರಿನಲ್ಲಿ ಪೌರತ್ವ ಕಾಯಿದೆಯ ವಿರುದ್ಧ ಜನ ಸೇರಬಾರದೆಂದು ಇಡೀ ಬೆಂಗಳೂರಿಗೆ 144 ಹಾಕಿದರು. ಟೌನ್‌ಹಾಲಿನ ಮುಂದೆ ನಿಂತವರನ್ನು ವ್ಯಾನಿಗೆ ತುಂಬಿದರು. ಆ ಆಜ್ಞೆ ಕಾನೂನುಬಾಹಿರವೆಂದು ನಮ್ಮ ಹೈಕೋರ್ಟು ಹೇಳಿದುದು 2020ರ ಫೆಬ್ರವರಿ 13ರಂದು. ಅಷ್ಟರಲ್ಲಿ ಆಜ್ಞೆ ತನ್ನ ಕೆಲಸ ಮುಗಿಸಿ ಎರಡು ತಿಂಗಳಾಗುತ್ತ ಬಂದಿತ್ತು. 2021ರಲ್ಲಿ ಇನ್ನೊಂದು ಆದೇಶ: ಬೆಂಗಳೂರು ನಗರದಲ್ಲಿ ಪ್ರತಿಭಟಿಸುವವರು ಫ್ರೀಡಂ ಪಾರ್ಕಿನಲ್ಲೇ ಪ್ರತಿಭಟಿಸಬೇಕು. ಫ್ರೀಡಂ ಪಾರ್ಕೆಂದರೆ ಹಳೆಯ ಸೆಂಟ್ರಲ್ ಜೈಲಿನ ಆವರಣ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರಿಗೆ ಈ ಆವರಣದ ಪರಿಚಯ ಚೆನ್ನಾಗಿ ಆಗಿದೆ. ಹದಿಮೂರು ಹಳ್ಳಿಗಳ 1777 ಎಕರೆಯನ್ನು ಕೈಗಾರಿಕೆಗೆಂದು ಸರ್ಕಾರ ವಶಪಡಿಸಿಕೊಳ್ಳಹೊರಟಾಗ ಅವರು 2022ರ ಏಪ್ರಿಲ್‌ನಲ್ಲಿ ಧರಣಿ ಕುಳಿತರು. ಮೂರು ವರ್ಷಕ್ಕೂ ಮೀರಿ ಕುಳಿತೇ ಇದ್ದರು. 2025ರ ಜೂನ್ 25ರಂದು ದೇವನಹಳ್ಳಿಯಲ್ಲಿ ಸೇರಿದವರನ್ನು ಪೋಲೀಸರು ಎಳೆದು ಬಸ್ಸಿಗೆ ಹತ್ತಿಸಿದರು. ಮರುದಿನಗಳಲ್ಲಿ ಹೋರಾಟ ಫ್ರೀಡಂ ಪಾರ್ಕಿಗೆ ಬಂದಿತು, ಬರುವಾಗ ಹದಿಮೂರು ಹಳ್ಳಿಗಳಾಚೆಯ ಜನರನ್ನೂ ಕರೆತಂದಿತು. ಮೂರು ವರ್ಷ ಆ ಕಡೆ ತಿರುಗಿಯೂ ನೋಡದಿದ್ದ ನಮ್ಮ ನಗರದ ಮಂದಿ ಬಸ್ಸಿಗೆ ಎಳೆದ ಚಿತ್ರಗಳನ್ನು ನೋಡಿ ಎಚ್ಚೆತ್ತರು. ಭೂಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಮುಖ್ಯಮಂತ್ರಿಗಳು ಸಾರಿದುದು ಜುಲೈ 15ರಂದು, ಎಂದರೆ ಎಳೆದಾಟ ನಡೆದ ಇಪ್ಪತ್ತನೆಯ ದಿನ.