ಹರೆಯದ ಮಾತಿಗೆ ಕಿವಿಗೊಡುವವರು

ನಮ್ಮ ಯಾವುದೇ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದಲ್ಲಿ, ಗಂಡಸರ ಶೌಚಾಲಯಕ್ಕೆ ಹೋಗುವ ಓಣಿಯ ಗೋಡೆಯ ಮೇಲೆ, ಮಳೆಬಿಸಿಲಿಗೆ ಅರ್ಧ ಕಿತ್ತುಹೋದ ಹಳದಿ ಕಾಗದವೊಂದು ಅಂಟಿಕೊಂಡಿರುವುದನ್ನು ಓದುಗರು ಕಂಡಿರಬಹುದು. ‘ಗುಪ್ತರೋಗ, ನರದೌರ್ಬಲ್ಯ, ಸ್ವಪ್ನಸ್ಖಲನ, ಬಾಲ್ಯದ ದುರಭ್ಯಾಸಗಳಿಗೆ ಖಚಿತ ಚಿಕಿತ್ಸೆ’ ಎಂದು ದಪ್ಪಕ್ಷರಗಳಲ್ಲಿ ಸಾರಿ, ಕೆಳಗೆ ಲಾಡ್ಜೊಂದರ ಹೆಸರನ್ನೂ ಕೊಠಡಿಯ ಸಂಖ್ಯೆಯನ್ನೂ ‘ಪಂಡಿತರು’ ತಿಂಗಳ ಯಾವ ವಾರದಲ್ಲಿ ಬಂದು ಇಳಿದುಕೊಳ್ಳುವರೆಂಬುದನ್ನೂ ನಮೂದಿಸಿರುವ ಆ ಹಾಳೆ, ಹದಿನೇಳು ವರ್ಷದ ಹುಡುಗನೊಬ್ಬನ ದೇಹವನ್ನು ಕುರಿತು, ಅವನಾಡುವ ಭಾಷೆಯಲ್ಲಿಯೇ, ಅವನಿಗೆಂದೇ ಬರೆದು ಬೀದಿಯಲ್ಲಿ ಹಚ್ಚಿದ ಏಕೈಕ ಬರಹವಾಗಿದೆ ಎಂಬುದು ನನ್ನನ್ನು ಬಹುಕಾಲದಿಂದ ವ್ಯಥೆಗೊಳಿಸುತ್ತ ಬಂದಿರುವ ಸಂಗತಿ. ಮನೆ ಆಡದ ಮಾತನ್ನು, ಶಾಲೆ ನುಂಗಿಕೊಂಡ ಪಾಠವನ್ನು ಆ ಗೋಡೆ ಆಡಿದೆ. ಆಡಿ, ಹೆದರಿಸಿ, ಹಣ ಕಿತ್ತಿದೆ.

ನನ್ನ ವಿದ್ಯಾರ್ಥಿದೆಸೆಯಲ್ಲಿ ಹಾಸ್ಟೆಲಿನ ಕೊಠಡಿಯಲ್ಲಿ ನಮ್ಮೊಡನಿದ್ದ ಗೆಳೆಯನೊಬ್ಬನು, ರಾತ್ರಿ ದೀಪವಾರಿದ ಮೇಲೆ ತನ್ನ ತಗಡಿನ ಟ್ರಂಕನ್ನು ಸದ್ದಾಗದಂತೆ ತೆರೆದು, ಹಳೆಯ ಪತ್ರಿಕೆಯ ಚೂರಿನಲ್ಲಿ ಸುತ್ತಿಟ್ಟಿದ್ದ ಬೂದುಬಣ್ಣದ ಚೂರ್ಣವನ್ನು ನಾಲಗೆಗೆ ಹಾಕಿಕೊಂಡು ಕತ್ತಲಲ್ಲಿಯೇ ನೀರು ಕುಡಿಯುತ್ತಿದ್ದುದು ಇಂದಿಗೂ ನನ್ನ ಕಣ್ಣ ಮುಂದಿದೆ. ಮೆಸ್ಸಿಗೆ ಕಟ್ಟಬೇಕಾದ ಹಣ ಆ ಪೊಟ್ಟಣಗಳಿಗೆ ಹೋಗುತ್ತಿತ್ತು. ತನಗೆ ‘ಧಾತು ಹೋಗುತ್ತಿದೆ’, ಓದಿದ್ದು ತಲೆಯಲ್ಲಿ ನಿಲ್ಲದಿರುವುದು ಅದರಿಂದಲೇ, ತಾನಿನ್ನು ಮದುವೆಗೆ ಯೋಗ್ಯನಲ್ಲ ಎಂದು ಅವನು ನಂಬಿದ್ದನು. ಆ ನಂಬಿಕೆ ಅವನ ನಿದ್ರೆಯನ್ನು ತಿಂದಿತು, ನಿದ್ರೆಗೆಟ್ಟು ಹಸಿವು ಹೋಯಿತು, ಹಸಿವು ಹೋಗಿ ಮೈ ಸೊರಗಿತು, ಸೊರಗಿದ ಮೈಯೇ ನಂಬಿಕೆಗೆ ಹೊಸ ಸಾಕ್ಷಿಯಾಯಿತು. ವರ್ಷಾಂತ್ಯದ ಪರೀಕ್ಷೆಗೆ ಕೂರದೆ ಅವನು ಊರಿಗೆ ಹೊರಟುಹೋದನು. ಕೊಠಡಿಯಲ್ಲಿ ಉಳಿದ ನಾವು ಮೂವರೂ ಎಲ್ಲವನ್ನೂ ಬಲ್ಲೆವು. ಒಬ್ಬರೂ ಬಾಯಿ ಬಿಡಲಿಲ್ಲ, ಏಕೆಂದರೆ ಅದೇ ಭಯ ನಮ್ಮೊಳಗೂ ಇತ್ತು.

ಈ ಭಯಕ್ಕೆ ಶಾಸ್ತ್ರದಲ್ಲಿ ಹೆಸರುಂಟು. ಮನೋವೈದ್ಯರಾದ ಎನ್. ಎನ್. ವಿಗ್ ಅವರು 1960ರಲ್ಲಿ ಇದನ್ನು ‘ಧಾತ್ ಸಿಂಡ್ರೋಮ್’ ಎಂದು ಕರೆದರು. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಸಪ್ತಧಾತುಗಳಲ್ಲಿ ಕೊನೆಯದು ಉಳಿದೆಲ್ಲವುಗಳ ಸಾರವೆಂದೂ, ಅದು ಸೋರಿದರೆ ಆಯುಷ್ಯವೇ ಸೋರಿತೆಂದೂ ತಲೆಮಾರುಗಳಿಂದ ಬಂದ ಭಾವನೆ ಇದರ ಬೇರು. ನಿದ್ರೆಯಲ್ಲಿ ಸ್ಖಲನವಾಗುವುದು ಆರೋಗ್ಯವಂತ ದೇಹದ ಸಹಜ ವ್ಯಾಪಾರ, ಅದರಿಂದ ಬುದ್ಧಿಯೂ ಕುಂದದು, ಬಲವೂ ಕುಂದದು ಎಂಬ ಎರಡು ವಾಕ್ಯಗಳನ್ನು ಸಕಾಲದಲ್ಲಿ ನಂಬಿಕೆಗೆ ಅರ್ಹರಾದ ಯಾರಾದರೊಬ್ಬರು ಹೇಳಿದ್ದರೆ ನನ್ನ ಗೆಳೆಯನ ಪದವಿ ಉಳಿಯುತ್ತಿತ್ತೇನೋ. ಅವನನ್ನು ಕೆಡಹಿದ್ದು ಮೈಯ ಕಾಯಿಲೆಯಲ್ಲ, ಮೈಯನ್ನು ಕುರಿತ ಚಿಂತೆ. ಲೈಂಗಿಕ ಆರೋಗ್ಯವೆಂದು ಒಂದು ಕಡತ, ಮಾನಸಿಕ ಆರೋಗ್ಯವೆಂದು ಇನ್ನೊಂದು ಕಡತ ಎಂದು ಇಲಾಖೆಗಳು ವಿಂಗಡಿಸಿಕೊಳ್ಳಬಹುದು. ಹರೆಯದ ಜೀವಕ್ಕೆ ಅವೆರಡೂ ಒಂದೇ ಗಂಟು.

ಹೆಣ್ಣುಮಕ್ಕಳ ಪಾಡು ಬೇರೆ ಬಗೆಯದು. ನಮ್ಮ ಹಳ್ಳಿಗಳಲ್ಲಿ ಹುಡುಗಿ ಮೈನೆರೆದಳೆಂದರೆ ಸೋದರಮಾವ ಹಸಿರು ಸೊಪ್ಪಿನ ಗುಡಿಸಲು ಹಾಕುವನು, ಚಿಗಳಿ ಕುಟ್ಟುವರು, ಕೊಬ್ಬರಿ ಬೆಲ್ಲ ತಿನ್ನಿಸುವರು, ಒಸಗೆಗೆ ಕೇರಿಯ ಹೆಂಗಸರೆಲ್ಲ ಬಂದು ಹಾಡಿ ಹಸೆಗೆ ಕರೆಯುವರು. ಇಡೀ ಊರಿಗೆ ತಿಳಿದ ಆ ವಾರ್ತೆಯ ಅರ್ಥವೇನೆಂದು, ತನ್ನ ಮೈಯಲ್ಲಿ ಆದುದೇನೆಂದು ಆ ಮಗುವಿಗೆ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ‘ಇನ್ನು ಮೇಲೆ ಹುಷಾರು’ ಎಂಬುದಷ್ಟೇ ಉಪದೇಶ. ಯಾವುದರಿಂದ, ಯಾರಿಂದ, ಏಕೆ ಎಂಬುದು ಅವಳ ಊಹೆಗೆ ಬಿಟ್ಟದ್ದು. ಆದರೂ ಅವಿಭಕ್ತ ಕುಟುಂಬದಲ್ಲಿ ಒಂದು ಕಿಂಡಿಯಿತ್ತು: ಹಿತ್ತಿಲಲ್ಲಿ ತಲೆ ಬಾಚುತ್ತ ಕೇಳಬಹುದಾಗಿದ್ದ ಅತ್ತಿಗೆ, ಪರಿಹಾಸ್ಯದ ಮರೆಯಲ್ಲಿ ಕಿವಿಮಾತು ಹೇಳುತ್ತಿದ್ದ ಸೋದರತ್ತೆ, ಹುಡುಗರ ಪಾಲಿಗೆ ಗದ್ದೆಯ ಬದುವಿನಲ್ಲಿ ಜೊತೆ ನಡೆಯುತ್ತಿದ್ದ ಭಾವ. ಅವರು ಹೇಳಿದುದೆಲ್ಲವೂ ಸರಿಯಾಗಿತ್ತೆಂದು ನಾನು ವಾದಿಸಲಾರೆ. ಧಾತುವಿನ ಭಯವೂ ಮುಟ್ಟಿನ ಮೈಲಿಗೆಯೂ ಅವರ ಬಾಯಿಂದಲೇ ಹರಿದುಬಂದವು. ಆದರೆ ಹೆತ್ತವರೂ ಅಲ್ಲದ, ಹೊರಗಿನವರೂ ಅಲ್ಲದ ಒಬ್ಬರು ಇದ್ದರು. ಎರಡು ಕೊಠಡಿಯ ಬಾಡಿಗೆಮನೆಯಲ್ಲಿ ಬೆಳೆಯುವ ಇಂದಿನ ಮಗುವಿಗೆ ಅವರಿಲ್ಲ, ಮೊಬೈಲ್ ಇದೆ. ಅದು ತೋರಿಸುವ ದೃಶ್ಯಗಳು ಬಸ್ ನಿಲ್ದಾಣದ ಗೋಡೆಗಿಂತ ಸಾವಿರ ಪಾಲು ನಿರ್ದಯ.

ಶಾಲೆ ಈ ಹೊಣೆಯನ್ನು ಹೊರಬಾರದೆ ಎಂದು ಕೇಳುವವರುಂಟು. ಹೊರಬೇಕು, ಆದರೆ 2007ರಲ್ಲಿ ಹದಿಹರೆಯದ ಶಿಕ್ಷಣದ ಪಾಠಕ್ರಮವೊಂದು ಬಂದಾಗ ಅನೇಕ ರಾಜ್ಯಗಳು ಸಂಸ್ಕೃತಿಯ ಹೆಸರಿನಲ್ಲಿ ಅದನ್ನು ಬಹಿಷ್ಕರಿಸಿದವು, ಕರ್ನಾಟಕವೂ ಅವುಗಳಲ್ಲೊಂದಾಗಿತ್ತು. ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು ‘ದಾಂಪತ್ಯ ದೀಪಿಕೆ’ಯನ್ನು ಕನ್ನಡದಲ್ಲಿ ಬರೆದು, ಸಾವಿರಾರು ಮನೆಗಳು ಅದನ್ನು ಕೊಂಡು ಓದಿದ ನಾಡಿನಲ್ಲಿ ಹೀಗಾದದ್ದು ನನಗೆ ಈಗಲೂ ನೋವಿನ ವಿಷಯ. ಪಾಠ ಮರಳಿ ಬಂದರೂ ಮತ್ತೊಂದು ತೊಡಕು ಉಳಿಯುತ್ತದೆ. ಬಿಹಾರದ ನಾಲಂದಾ ಜಿಲ್ಲೆಯ 70ಕ್ಕೂ ಹೆಚ್ಚು ಪ್ರೌಢಶಾಲೆಗಳಲ್ಲಿ ‘ಸೆಹರ್’ ಎಂಬ ಕಾರ್ಯಕ್ರಮವನ್ನು ಪರೀಕ್ಷೆಗೊಡ್ಡಿದರು. ಒಂದಷ್ಟು ಶಾಲೆಗಳಲ್ಲಿ ತರಬೇತಿ ಪಡೆದ ಅಧ್ಯಾಪಕರು, ಇನ್ನೊಂದಷ್ಟರಲ್ಲಿ ಅದೇ ಕಾರ್ಯಕ್ಕೆಂದೇ ನೇಮಕವಾದ, ವೈದ್ಯರೂ ಅಲ್ಲದ ಅಧ್ಯಾಪಕರೂ ಅಲ್ಲದ ಸಾಮಾನ್ಯ ಸಮಾಲೋಚಕರು ಒಂದೇ ಕ್ರಮವನ್ನು ನಡೆಸಿದರು. 2018ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆ ಪ್ರಕಟಿಸಿದ ಫಲಿತಾಂಶದಂತೆ, ಸಮಾಲೋಚಕರಿದ್ದ ಶಾಲೆಗಳಲ್ಲಿ ಮಕ್ಕಳ ಖಿನ್ನತೆಯೂ ಪರಸ್ಪರ ಪೀಡನೆಯೂ ತಗ್ಗಿ, ದೇಹದ ಬಗೆಗಿನ ಅರಿವು ಹೆಚ್ಚಿತು. ಅಧ್ಯಾಪಕರೇ ನಡೆಸಿದೆಡೆ ಹೇಳಿಕೊಳ್ಳುವಂಥ ಪ್ರಯೋಜನವೇನೂ ಆಗಲಿಲ್ಲ. ಇದರಿಂದ ಅಧ್ಯಾಪಕರನ್ನು ಹಳಿಯಬೇಕಾದುದಿಲ್ಲ. ನಾಳೆ ಅಂಕ ಕೊಡುವ ಕೈಗೆ, ಸಂತೆಯಲ್ಲಿ ಅಪ್ಪನನ್ನು ಭೇಟಿಯಾಗುವ ಮೇಷ್ಟ್ರಿಗೆ, ಯಾವ ಮಗು ತಾನೇ ತನ್ನ ಒಳಗುಟ್ಟನ್ನು ಒಪ್ಪಿಸೀತು?

ನಾನು ಹೇಳಬಯಸುವುದು ಇಷ್ಟೇ: ಕಳೆದುಹೋದ ಆ ಅತ್ತಿಗೆಯ, ಆ ಭಾವನ ಸ್ಥಾನವನ್ನು ಸಮಾಜವೇ ಉದ್ದೇಶಪೂರ್ವಕವಾಗಿ, ಸರಿಯಾದ ತಿಳಿವಳಿಕೆಯೊಡನೆ, ಊರೂರಿನಲ್ಲಿ ಮರಳಿ ತುಂಬಬೇಕು. ಇದಕ್ಕೆ ಹೊರಗೆ ಮಾದರಿ ಹುಡುಕಬೇಕಾಗಿಲ್ಲ. ಮನಸ್ಸಿನ ಚಿಕಿತ್ಸೆಯನ್ನು ಆಸ್ಪತ್ರೆಯ ಗೋಡೆಯಿಂದಾಚೆಗೆ ತಂದ ಕೀರ್ತಿಯಲ್ಲಿ ಈ ನಾಡಿಗೆ ದೊಡ್ಡ ಪಾಲುಂಟು. ಬೆಂಗಳೂರಿನಾಚೆಯ ಸಕಲವಾರದಲ್ಲಿ ನಿಮ್ಹಾನ್ಸ್ ನಡೆಸಿದ ಗ್ರಾಮಾಂತರ ಪ್ರಯೋಗ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನೇ ತರಬೇತುಗೊಳಿಸಿ ನಡೆಸಿದ ಕಾರ್ಯ, ಇವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾದವು. ಅದೇ ಪರಂಪರೆಯಲ್ಲಿ ನಮ್ಮ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸಿನ ಸಹಯೋಗದಿಂದ ‘ಯುವ ಸ್ಪಂದನ’ವನ್ನು ನಡೆಸುತ್ತ ಬಂದಿದೆ. ಸ್ಥಳೀಯ ಯುವಕ ಯುವತಿಯರನ್ನೇ ಆಯ್ದು, ತರಬೇತಿ ಕೊಟ್ಟು, ‘ಯುವ ಪರಿವರ್ತಕ’ರೆಂದು ಹಳ್ಳಿಗೂ ಕಾಲೇಜಿಗೂ ಕಳುಹಿಸುವುದು, ಜಿಲ್ಲಾ ಕ್ರೀಡಾಂಗಣದಲ್ಲಿ ಒಂದು ಮಾರ್ಗದರ್ಶನ ಕೇಂದ್ರವನ್ನಿಟ್ಟು ಓದು, ಸಂಬಂಧ, ಆರೋಗ್ಯ, ಲೈಂಗಿಕತೆ ಯಾವ ವಿಷಯಕ್ಕಾಗಲಿ ಬಂದವರೊಡನೆ ಕುಳಿತು ಮಾತನಾಡುವುದು ಅದರ ಕ್ರಮ. ಕ್ರೀಡಾಂಗಣವನ್ನು ಆರಿಸಿಕೊಂಡದ್ದರಲ್ಲಿ ದೊಡ್ಡ ವಿವೇಕವಿದೆ. ಮನೋವೈದ್ಯರ ಬಾಗಿಲಲ್ಲಿ ಕಾಣಿಸಿಕೊಂಡವನಿಗೆ ‘ತಲೆ ಕೆಟ್ಟಿದೆಯಂತೆ’ ಎಂಬ ಅಪವಾದ ತಪ್ಪದು. ಕ್ರೀಡಾಂಗಣದತ್ತ ನಡೆದವನನ್ನು ಯಾರೂ ಏಕೆಂದು ಕೇಳರು.

ಇಂಥ ಕಾರ್ಯದಲ್ಲಿ ತೊಡಗಿರುವವರಿಂದ ನಾನು ಕೇಳಿ ತಿಳಿದಂತೆ, ಬರುವ ಹುಡುಗನ ಬಾಯಲ್ಲಿ ಮೊದಲು ಹೊರಡುವ ಪದ ‘ಟೆನ್ಶನ್’. ಆ ಒಂದು ಪದದಲ್ಲಿ ಪರೀಕ್ಷೆಯೂ ಅಡಗಿರಬಹುದು, ಸಾಲವೂ, ಕುಡಿತದ ತಂದೆಯೂ, ಕೈಬಿಟ್ಟ ಪ್ರೇಮವೂ, ತನ್ನ ಒಲವು ಗಂಡಿನತ್ತಲೇ ಹರಿಯುತ್ತಿದೆಯೆಂಬ ಯಾರಿಗೂ ಹೇಳದ ಸತ್ಯವೂ. ಮೊದಲ ದಿನ ಪರೀಕ್ಷೆಯ ವಿಷಯ ಮಾತನಾಡಿ ಎದ್ದುಹೋಗುವನು. ಎರಡನೆಯ ಸಲ ಬಂದವನು ನಿದ್ರೆ ಬರುತ್ತಿಲ್ಲವೆನ್ನುವನು. ಮೂರನೆಯ ಸಲ, ಹೊರಡಲೆಂದು ಎದ್ದು ನಿಂತು, ಬಾಗಿಲ ಚಿಲಕದ ಮೇಲೆ ಕೈಯಿಟ್ಟುಕೊಂಡು, ಮುಖ ತಿರುಗಿಸದೆಯೇ ‘ಅಕ್ಕ, ಇನ್ನೊಂದು ವಿಷಯ’ ಎನ್ನುವನು. ಸಮಾಲೋಚನೆ ಆರಂಭವಾಗುವುದು ಆಗ. ಆ ಮೂರನೆಯ ಸಲ ಅವನು ಬಂದಾಗ ಅದೇ ಅಕ್ಕ ಆ ಕುರ್ಚಿಯಲ್ಲಿ ಇರಬೇಕು. ಗೌರವಧನವೆಂಬ ಹೆಸರಿನ ಅಲ್ಪ ಮೊತ್ತಕ್ಕೆ ವರ್ಷದ ಕರಾರಿನ ಮೇಲೆ ಜನರನ್ನು ನೇಮಿಸಿಕೊಳ್ಳುವ ನಮ್ಮ ಆಡಳಿತದ ರೂಢಿ ಈ ಕ್ಷೇತ್ರಕ್ಕೆ ಒಗ್ಗದು ಎಂದು ನಾನು ಹೇಳುವುದಕ್ಕೆ ಕಾರಣವಿದೇ. ವರ್ಷ ವರ್ಷವೂ ಹೊಸ ಮುಖ ಕೂರುವ ಕುರ್ಚಿಯ ಮುಂದೆ ಹುಡುಗ ಪರೀಕ್ಷೆಯ ವಿಷಯವನ್ನಷ್ಟೇ ಮಾತನಾಡಿ ಹೋಗುವನು.

ಮಾರ್ಗದರ್ಶಕರಿಗೆ ಮಿತಿಯೂ ಇರಬೇಕು. ರೋಗಕ್ಕೆ ಔಷಧ ಹೇಳುವುದು ಅವರ ಕೆಲಸವಲ್ಲ; ಸಾಯುವ ಮಾತು ಕಿವಿಗೆ ಬಿದ್ದೊಡನೆ ವೈದ್ಯರಿಗೆ ಒಪ್ಪಿಸುವುದು ಅವರ ಮೊದಲ ಪಾಠ. 2022ರಲ್ಲಿ ಈ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,000ಕ್ಕೂ ಹೆಚ್ಚು ಎಂಬ ರಾಷ್ಟ್ರೀಯ ಅಪರಾಧ ದಾಖಲೆಯ ಲೆಕ್ಕವನ್ನು ಓದಿದವರಿಗೆ ಇದನ್ನು ಒತ್ತಿ ಹೇಳಬೇಕಾಗಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಎಂಬ ಸಂಖ್ಯೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ. ಕಾನೂನಿನ ಇಕ್ಕಟ್ಟು ಇದಕ್ಕಿಂತ ಜಟಿಲವಾದುದು. 2012ರ ಪೋಕ್ಸೊ ಕಾಯಿದೆಯಂತೆ 18 ತುಂಬದವರ ಮೇಲಣ ಲೈಂಗಿಕ ಅಪರಾಧವನ್ನು ತಿಳಿದವರೆಲ್ಲರೂ ವರದಿ ಮಾಡತಕ್ಕದ್ದು. ದೌರ್ಜನ್ಯಕ್ಕೊಳಗಾದ ಮಗುವಿನ ರಕ್ಷಣೆಗೆ ಇದು ಅತ್ಯಾವಶ್ಯಕ. ಆದರೆ ಹದಿನೇಳರ ಹುಡುಗಿ ತನ್ನ ಸಮವಯಸ್ಕನೊಡನೆ ಸ್ವಂತ ಇಚ್ಛೆಯಿಂದ ಕೂಡಿ, ತಿಂಗಳು ತಪ್ಪಿ, ಭಯದಿಂದ ನಡುಗುತ್ತ ಬಂದಳೆನ್ನಿ. ಅವಳೂ ಅದೇ ಕಾಯಿದೆಯೊಳಕ್ಕೇ ಬೀಳುವಳು. 2022ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಅಪ್ರಾಪ್ತ ವಯಸ್ಕಳ ಗರ್ಭಪಾತದ ಸಂದರ್ಭದಲ್ಲಿ ಅವಳೂ ಪೋಷಕರೂ ಕೋರಿದರೆ ವೈದ್ಯರು ಅವಳ ಗುರುತನ್ನು ಪೊಲೀಸರಿಗೆ ತಿಳಿಸಬೇಕಾಗಿಲ್ಲವೆಂದು ಹೇಳಿತು. ವೈದ್ಯರಿಗೆ ದೊರೆತ ಈ ಸಡಿಲಿಕೆ ಹಳ್ಳಿಯ ಮಾರ್ಗದರ್ಶಕಿಗೆ ದೊರೆತಿಲ್ಲ. ಯಾವುದನ್ನು ಗುಟ್ಟಾಗಿಡಬಲ್ಲೆ, ಯಾವುದನ್ನು ಇಡಲಾರೆ ಎಂಬುದನ್ನು ಮೊದಲ ಮಾತಿನಲ್ಲಿಯೇ ಮಗುವಿಗೆ ಪ್ರಾಮಾಣಿಕವಾಗಿ ತಿಳಿಸುವುದೇ ಸದ್ಯಕ್ಕೆ ಇರುವ ಋಜುಮಾರ್ಗ.

ನಮ್ಮ ರಾಜ್ಯದಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ. ಅವುಗಳಲ್ಲಿ ಬಹುಪಾಲು ಕಡೆ ಗ್ರಂಥಾಲಯವಿದ್ದು, ಈಗ ಅದನ್ನು ‘ಅರಿವು ಕೇಂದ್ರ’ವೆಂದು ಕರೆಯುತ್ತೇವೆ. ಜಿಲ್ಲಾ ಕ್ರೀಡಾಂಗಣಕ್ಕೆ ಬಸ್ಸಿನ ಹಣವಿಲ್ಲದ, ಹೊರಗೆ ಹೋಗಲು ಮನೆಯಲ್ಲಿ ಅಪ್ಪಣೆಯಿಲ್ಲದ ಹುಡುಗಿಯೂ ಅರಿವು ಕೇಂದ್ರಕ್ಕೆ ಪುಸ್ತಕದ ನೆಪದಲ್ಲಿ ಬರಬಲ್ಲಳು. ವಾರಕ್ಕೊಂದು ಸಂಜೆ, ಮುಚ್ಚಬಹುದಾದ ಬಾಗಿಲುಳ್ಳ ಒಂದು ಕೋಣೆ, ಎರಡು ಕುರ್ಚಿ, ತರಬೇತಿ ಪಡೆದು ಅದೇ ಭಾಗದಲ್ಲಿ ನೆಲೆಸಿರುವ ಒಬ್ಬ ಯುವತಿ, ಒಬ್ಬ ಯುವಕ: ಕೇಳುತ್ತಿರುವುದು ಇಷ್ಟು. ಬರುವ ಆಯವ್ಯಯದಲ್ಲಿ ಅವರಿಗೆ ಕರಾರಿನ ಗೌರವಧನದ ಬದಲು ಕಾಯಂ ಸಂಬಳವನ್ನು ಇಡಬೇಕೆಂದು ಸರ್ಕಾರವನ್ನೂ, ಆ ಕೋಣೆಯನ್ನು ಬಿಟ್ಟುಕೊಡಬೇಕೆಂದು ಪಂಚಾಯಿತಿಯ ಸದಸ್ಯರನ್ನೂ, ಮಗಳು ಪುಸ್ತಕ ಹಿಡಿದು ತಡವಾಗಿ ಮನೆಗೆ ಬಂದ ಸಂಜೆ ಅಲ್ಲಿ ಏನು ಮಾತನಾಡಿದೆಯೆಂದು ಕೆದಕಬಾರದೆಂದು ತಾಯಿತಂದೆಯರನ್ನೂ ನಾನು ವಿನಯದಿಂದ ಪ್ರಾರ್ಥಿಸುತ್ತೇನೆ.