ಆಡಳಿತ ಮಂಡಳಿಯಲ್ಲಿ ಊರಿಗೊಂದು ಕುರ್ಚಿ ಬೇಡವೇ?



ಊರಿನ ಗೋಮಾಳ ಕಂಪನಿಯ ಪಾಲಾಗುತ್ತದೆ, ಊರ ಹೊಳೆಗೆ ಕಾರ್ಖಾನೆಯ ಕೊಳೆನೀರು ಸೇರುತ್ತದೆ. ಇದನ್ನೆಲ್ಲ ತೀರ್ಮಾನಿಸುವ ಕಂಪನಿಯ ಆಡಳಿತ ಮಂಡಳಿಯಲ್ಲಿ ಮಾತ್ರ ಊರಿನವರಿಗೆ ಜಾಗವಿಲ್ಲ. ಇದು ಯಾವ ನ್ಯಾಯ?

ನಮ್ಮ ಕಡೆಯದೇ ಉದಾಹರಣೆ ನೋಡಿ. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸ್ಥಾಪಿಸಿದವು. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸಲು ಸುಮಾರು 75,000 ಎಕರೆ ಭೂಮಿಯನ್ನು ಅದಕ್ಕೆ ಗೊತ್ತುಮಾಡಲಾಯಿತು. ಬಡವರು ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ನೆಲ ಅದು. ಷೇರಿನಲ್ಲಿ ಸರ್ಕಾರದ್ದು ಶೇಕಡಾ 51, ಕಾರ್ಖಾನೆಯದು 49. ಅರ್ಧಕ್ಕಿಂತ ಹೆಚ್ಚು ಪಾಲು ಸರ್ಕಾರದ್ದಾಗಿದ್ದರೂ ಹಳ್ಳಿಯ ಹಿತ ಉಳಿಯಲಿಲ್ಲ. ಸರ್ಕಾರದ ಕುರ್ಚಿಯೇ ಬೇರೆ, ಊರಿನ ಕುರ್ಚಿಯೇ ಬೇರೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಒಳಗೆ ಜಾಗವಿಲ್ಲದವರು ಹೊರಗಿನಿಂದ ಹೋರಾಡಿದರು. ಸಮಾಜ ಪರಿವರ್ತನ ಸಮುದಾಯ ಮತ್ತು ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. 1991ರಲ್ಲಿ ಆ ಕಂಪನಿಯನ್ನೇ ಮುಚ್ಚಬೇಕಾಯಿತು. ಜನ ಗೆದ್ದರು, ನಿಜ. ಆದರೆ ಏಳು ವರ್ಷ ಹಿಡಿಯಿತು. ಮೊದಲ ಸಭೆಯಲ್ಲೇ ಅವರಲ್ಲೊಬ್ಬರು ಕುಳಿತಿದ್ದರೆ?

ಕಾಯ್ದೆ ಬದಲಾಯಿತು, ಸ್ಥಿತಿ ಬದಲಾಗಲಿಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ, ಷೇರುಪೇಟೆಯಲ್ಲಿರುವ ಕಂಪನಿಗಳಲ್ಲಿ ಮೂರನೇ ಒಂದು ಭಾಗ ಸ್ವತಂತ್ರ ನಿರ್ದೇಶಕರಿರಬೇಕು. 20,000 ರೂಪಾಯಿ ಮುಖಬೆಲೆಯೊಳಗಿನ ಷೇರು ಇಟ್ಟುಕೊಂಡ ಸಣ್ಣ ಷೇರುದಾರರಿಗೂ ತಮ್ಮ ಒಬ್ಬ ನಿರ್ದೇಶಕರನ್ನು ಆರಿಸಲು ಅವಕಾಶವಿದೆ. ಅಷ್ಟು ಷೇರು ಇಟ್ಟವರಿಗೆ ಸಿಗುವ ಮಾನ, ಅದೇ ಹೊಳೆಯ ನೀರು ಕುಡಿದು ಬದುಕುವವರಿಗೆ ಏಕಿಲ್ಲ?

"ಹಳ್ಳಿಯವರಿಗೆ ಲೆಕ್ಕಪತ್ರ ತಿಳಿಯುತ್ತದೆಯೇ?" ಎಂದು ಕೆಲವರು ಕೇಳುತ್ತಾರೆ. ನಾನು ಸರ್ಕಾರಿ ಎಂಜಿನಿಯರ್ ಆಗಿ ದುಡಿದವನು. ನಕ್ಷೆಯಲ್ಲಿ ಪಾಳು ಎಂದು ಬರೆದಿದ್ದ ನೆಲದಲ್ಲಿ ಮಳೆನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ ಎಂದು ನನಗೆ ತೋರಿಸಿಕೊಟ್ಟವರು ದನ ಕಾಯುವವರು. ಲೆಕ್ಕ ಕಲಿಸಬಹುದು, ಆ ಅರಿವನ್ನು ಎಲ್ಲಿಂದ ತರುತ್ತೀರಿ?

ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕ್ಕೆ ಕೊಡುತ್ತೇವೆ ಎಂದು ದೊಡ್ಡ ಕಂಪನಿಗಳು ಹೇಳಿಕೊಳ್ಳುತ್ತವೆ. ಹೊಳೆ ಕೆಡಿಸಿ ಕುಡಿಯುವ ನೀರಿನ ಘಟಕ ಕೊಟ್ಟರೆ ಅದು ದಾಸೋಹವಲ್ಲ. ಅಂಥವರಿಗೆ ಮಠದ ವೇದಿಕೆಯಲ್ಲಿ ಶಾಲು ಹೊದಿಸುವ ಮುನ್ನ ಒಂದು ಮಾತು ಕೇಳೋಣ: "ನಿಮ್ಮ ಆಡಳಿತ ಮಂಡಳಿಯಲ್ಲಿ ನಮ್ಮೂರಿನವರು ಯಾರಿದ್ದಾರೆ?" ಉತ್ತರ ಬರುವವರೆಗೆ ಶಾಲು ಪೆಟ್ಟಿಗೆಯಲ್ಲೇ ಇರಲಿ.