ತಪ್ಪು ಅರ್ಜಿದಾರನದಲ್ಲ

ಕಳೆದ ವಾರ ಅಕ್ಕಿಹೆಬ್ಬಾಳಿನ ಕಂಪ್ಯೂಟರ್ ಅಂಗಡಿಯೊಂದರ ಬೆಂಚಿನ ಮೇಲೆ ಅರ್ಧ ದಿನ ಕುಳಿತಿದ್ದೆ. ಸಕ್ಕರೆ ಕಾರ್ಖಾನೆಯ ಕಾರ್ಮಿಕನೊಬ್ಬ ದಿನದ ಕೂಲಿ ಬಿಟ್ಟು ಮಗಳ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ಬಂದಿದ್ದ. ಹೆಸರು, ಖಾತೆ ನಂಬರು ಎಲ್ಲ ಸರಿಹೋಯಿತು. ಅಂಕಪಟ್ಟಿಯ ಫೋಟೋ ಏರಿಸಿದೊಡನೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು: ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ. ತುಂಬಿದ್ದೆಲ್ಲ ಅಳಿಸಿಹೋಯಿತು. ಐದು ಸಲ ಇದೇ ಕಥೆ. "ನನ್ನ ಕಾಗದದಲ್ಲೇ ಏನೋ ದೋಷ ಇರಬೇಕು ಮೇಷ್ಟ್ರೇ" ಎಂದು ತಲೆ ತಗ್ಗಿಸಿದ.

ಅವನೇಕೆ ತಲೆ ತಗ್ಗಿಸಬೇಕು? ಮೊಬೈಲಿನಲ್ಲಿ ತೆಗೆದ ಫೋಟೋ ಮೂರು ನಾಲ್ಕು ಎಂ.ಬಿ. ಇರುತ್ತದೆ. ಇಂತಹ ಅರ್ಜಿಗಳನ್ನು ನಡೆಸುವ ಪಿ.ಎಚ್.ಪಿ. ಎಂಬ ತಂತ್ರಾಂಶ, ಯಾರೂ ಬದಲಾಯಿಸದಿದ್ದರೆ, ಒಂದು ಕಡತಕ್ಕೆ 2 ಎಂ.ಬಿ. ಮಾತ್ರ ಬಿಡುತ್ತದೆ. ಬಾಗಿಲಲ್ಲಿ ಕಾವಲಿರುವ ಎಂಜಿನ್‌ಎಕ್ಸ್ ಎಂಬ ಸರ್ವರಿನ ಮಿತಿ ಇನ್ನೂ ಕಡಿಮೆ, 1 ಎಂ.ಬಿ. ಮೀರಿದರೆ ಅದು 413 ಎಂಬ ಅಂಕಿಯನ್ನು ಹಿಂದಕ್ಕೆ ಕಳಿಸುತ್ತದೆ. 'ಕಳಿಸಿದ್ದು ದೊಡ್ಡದಾಯಿತು' ಎಂದು ಅದರ ಅರ್ಥ. ಯಂತ್ರ ಕಾರಣ ಹೇಳುತ್ತಿದೆ, ಸ್ವಾಮಿ! ಅದನ್ನು ಮುಚ್ಚಿಟ್ಟು 'ಏನೋ ತಪ್ಪಾಗಿದೆ' ಎಂದು ಬರೆದವರು ಗುತ್ತಿಗೆ ಹಿಡಿದ ಮಹನೀಯರು. ಹುಡುಗನ ಲೆಕ್ಕ ಯಾವ ಸಾಲಿನಲ್ಲಿ ತಪ್ಪಿತೆಂದು ತೋರಿಸದೆ ಸ್ಲೇಟು ಎಸೆಯುವ ಮೇಷ್ಟ್ರನ್ನು ಊರವರು ಸುಮ್ಮನೆ ಬಿಡುತ್ತಾರೆಯೆ?

ಕೆಲವೆಡೆ ನಮೂನೆಯೇ ಕೆಟ್ಟಿರುತ್ತದೆ. ಅರ್ಜಿಯೊಡನೆ ಕಡತ ಕಳಿಸುವ ವಿಧಾನ 1995ರಲ್ಲೇ ಗೊತ್ತಾಗಿದೆ. ಆದರೂ 'ಮಲ್ಟಿಪಾರ್ಟ್' ಎಂಬ ಸೂಚನೆಯನ್ನು ನಮೂನೆಯಲ್ಲಿ ಬರೆಯಲು ಮರೆತರೆ ಕಡತದ ಹೆಸರಷ್ಟೇ ಹೋಗುತ್ತದೆ, ಒಳಗಿನದು ಹೋಗುವುದಿಲ್ಲ. ಕಾಗದವನ್ನೇ ಇಡದೆ ಲಕೋಟೆ ಅಂಚೆಗೆ ಹಾಕಿದ ಹಾಗೆ. ಇದಕ್ಕೆ ಅರ್ಜಿದಾರ ಹೊಣೆಯೆ?

ವರ್ತಕರಿಗೂ ಈ ಕಾಟ ತಪ್ಪಿದ್ದಲ್ಲ. ಜಿ.ಎಸ್.ಟಿ. ನೋಂದಣಿಗೆ ಫೋಟೋ ಜೆಪೆಗ್ ಆಗಿರಬೇಕು, 100 ಕೆ.ಬಿ. ಮೀರಬಾರದು. ಅಲ್ಲಿ ಮಿತಿಯನ್ನಾದರೂ ಬರೆದಿದ್ದಾರೆ, ಅಷ್ಟು ಒಪ್ಪೋಣ.

ನಾವು ಕೇಳುವುದು ಸವಲತ್ತಲ್ಲ. ಕಡತ ಆರಿಸುವ ಗುಂಡಿಯ ಪಕ್ಕದಲ್ಲೇ ಮಿತಿ ಎಷ್ಟು, ಯಾವ ಬಗೆ ಎಂಬುದನ್ನು ಕನ್ನಡದಲ್ಲಿ ಬರೆಯಿರಿ. ದೊಡ್ಡದಾದರೆ ಕಳಿಸುವ ಮೊದಲೇ ತಿಳಿಸಿ. ತುಂಬಿದ್ದನ್ನು ಅಳಿಸಬೇಡಿ. ಅಲ್ಲಿಯವರೆಗೆ, ಬಂಧುಗಳೇ, ಫೋಟೋವಿನ ಅಂಚು ಕತ್ತರಿಸಿ, ಗಾತ್ರ ಇಳಿಸಿ, ಕಡತಕ್ಕೆ ಇಂಗ್ಲಿಷ್ ಅಕ್ಷರದ ಚಿಕ್ಕ ಹೆಸರಿಡಿ. ಹೆಸರಿನ ಬಾಲ ಬದಲಾಯಿಸಿದರೆ ಕಡತದ ಜಾತಿ ಬದಲಾಗುವುದಿಲ್ಲ, ನೆನಪಿರಲಿ.

ಅಂಗಡಿಯ ಹುಡುಗ ಫೋಟೋವನ್ನು 1 ಎಂ.ಬಿ.ಗಿಂತ ಕೆಳಗಿಳಿಸಿದ. ಆರನೆಯ ಸಲಕ್ಕೆ ಅರ್ಜಿ ಹೋಯಿತು. ಆಗ ಸಂಜೆ ನಾಲ್ಕು ಗಂಟೆ.